ಬೈಬಲ್‌ನ ಹರಕೆಗಳನ್ನು ಓದುವ ಬಗೆ: ಬೆಲೆ ತೆತ್ತವರು ಯಾರು, ಉಂಡವರು ಯಾರು?

ಬೆಂಗಳೂರಿನ ಕ್ರೈಸ್ತರಿಗೆ ಹರಕೆ ಹೊಸದೇನಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಸೀರೆಯುಟ್ಟು ಬರುವವರಲ್ಲಿ, ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಮೇಣದಬತ್ತಿ ಹಿಡಿದು ಬರುವವರಲ್ಲಿ ಹರಕೆ ತೀರಿಸಲೆಂದೇ ಬಂದವರು ಎಷ್ಟೋ ಮಂದಿ. ನಮ್ಮಂಥ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹರಕೆ ಎಂಬ ಮಾತನ್ನು ಆಡುವುದು ಕಡಿಮೆ. ಆದರೆ ಮಗನಿಗೆ ಕೆಲಸ ಸಿಕ್ಕರೆ ಮೊದಲ ತಿಂಗಳ ಸಂಬಳ ದೇವರಿಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಕೆಲಸ ಸಿಕ್ಕ ಭಾನುವಾರ ಸ್ತೋತ್ರ ಕಾಣಿಕೆಯ ಲಕೋಟೆ ಹಾಕುವ ತಾಯಂದಿರು ಎಲ್ಲ ಸಭೆಗಳಲ್ಲೂ ಇದ್ದಾರೆ. ನೆರೆಮನೆಯವರು ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿಪು ಕಟ್ಟಿಡುವುದನ್ನು ನೋಡುತ್ತಲೇ ನಾವೆಲ್ಲ ಬೆಳೆದಿದ್ದೇವೆ.

ಇಷ್ಟಿದ್ದೂ ಬೈಬಲ್‌ನಲ್ಲಿ ಹರಕೆಯ ಭಾಗ ಎದುರಾದಾಗ ಕಂಗಾಲಾಗುತ್ತೇವೆ. ಹನ್ನಳ ಹರಕೆಯಿಂದ ಸಮುವೇಲನಂಥ ಪ್ರವಾದಿ ಬಂದ; ಯೆಫ್ತಾಹನ ಹರಕೆಯಿಂದ ಒಬ್ಬ ಹುಡುಗಿಯ ಬಾಳು ಮುಗಿಯಿತು. ಪ್ರಸಂಗಿ ಎಂಬ ಪುಸ್ತಕ ಬರೆದವನು ಹರಕೆಯನ್ನು ತಡಮಾಡದೆ ತೀರಿಸು ಎನ್ನುತ್ತಾನೆ. ಯೇಸು ಆಣೆಯನ್ನೇ ಇಡಬೇಡಿರಿ ಎನ್ನುತ್ತಾನೆ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು? ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾನು ಕಂಡುಕೊಂಡ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಅದರ ತಿರುಳು ಒಂದೇ ಪ್ರಶ್ನೆ: ಈ ಹರಕೆಯ ಬೆಲೆಯನ್ನು ತೆತ್ತವರು ಯಾರು, ಅದರಿಂದ ಉಂಡವರು ಯಾರು?

ಮೊದಲನೆಯ ಹೆಜ್ಜೆ: ಹರಕೆಯನ್ನೂ ಆಣೆಯನ್ನೂ ಬೇರೆ ಮಾಡಿ

ದೇವರಿಗೇ ಕೊಡುವ ಮಾತು ಹರಕೆ. ಮನುಷ್ಯರ ಮುಂದೆ ಆಡಿದ ಮಾತಿಗೆ ದೇವರನ್ನು ಸಾಕ್ಷಿಗೆ ಕರೆಯುವುದು ಆಣೆ. ಬೇತೇಲಿನಲ್ಲಿ ಯಾಕೋಬ ಮಾಡಿದ್ದು ಹರಕೆ. ಹೆರೋದ ಅರಸನು ನರ್ತಿಸಿದ ಹುಡುಗಿಗೆ ಮಾತು ಕೊಟ್ಟು ಸ್ನಾನಿಕನಾದ ಯೋಹಾನನ ತಲೆ ತೆಗೆಸಿದ್ದು ಆಣೆಯ ಹೆಸರಿನಲ್ಲಿ. ಎರಡೂ ಒಮ್ಮೊಮ್ಮೆ ಬೆರೆಯುತ್ತವೆ, ಆದರೂ ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಳ್ಳಿ. ಮತ್ತಾಯ 5ನೆಯ ಅಧ್ಯಾಯಕ್ಕೆ ಬಂದಾಗ ಈ ಗುರುತು ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಕಥೆಗಿಂತ ಮೊದಲು ಕಟ್ಟಳೆ ಓದಿ

ನಾವು ಭಾನುವಾರದ ಶಾಲೆಯಲ್ಲಿ ಕಥೆಗಳನ್ನು ಕಲಿತೆವು; ಕಟ್ಟಳೆಯ ಅಧ್ಯಾಯಗಳನ್ನು ಬೇಸರವೆಂದು ದಾಟಿಬಿಟ್ಟೆವು. ಹರಕೆಯ ವಿಷಯದಲ್ಲಿ ಈ ಅಭ್ಯಾಸ ದೊಡ್ಡ ತೊಂದರೆ ಮಾಡುತ್ತದೆ. ಆದ್ದರಿಂದ ಈ ಅನುಕ್ರಮದಲ್ಲಿ ಓದಿ: ಧರ್ಮೋಪದೇಶಕಾಂಡ 23:21-23, ಯಾಜಕಕಾಂಡ 27, ಯಾಜಕಕಾಂಡ 7:16, ಧರ್ಮೋಪದೇಶಕಾಂಡ 12:17-19, ಕೊನೆಗೆ ಅರಣ್ಯಕಾಂಡ 6 ಮತ್ತು 30. ಕಥೋಲಿಕ ಅನುವಾದದಲ್ಲಿ ಅರಣ್ಯಕಾಂಡವನ್ನು ಸಂಖ್ಯಾಕಾಂಡ ಎಂದು ಕರೆದಿದ್ದಾರೆ, ಪುಸ್ತಕ ಒಂದೇ.

ಧರ್ಮೋಪದೇಶಕಾಂಡದ ಮೂರು ವಚನಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು: ಹರಕೆ ಮಾಡಿಕೊಂಡರೆ ತೀರಿಸಲು ತಡಮಾಡಬಾರದು. ಅದರ ಮುಂದಿನ ವಚನವನ್ನು ಬಹಳ ಮಂದಿ ಗಮನಿಸಿಯೇ ಇಲ್ಲ. ಹರಕೆ ಮಾಡಿಕೊಳ್ಳದಿದ್ದರೆ ನಿನಗೆ ಪಾಪವೇನೂ ಇಲ್ಲ ಎಂದು ಅಲ್ಲಿ ಬರೆದಿದೆ. ದಶಮಾಂಶಕ್ಕೆ ಆಜ್ಞೆಯಿದೆ, ಸಬ್ಬತ್ತಿಗೆ ಆಜ್ಞೆಯಿದೆ, ಆದರೆ ಹರಕೆ ಹೊರಲೇಬೇಕೆಂದು ಮೋಶೆಯ ಧರ್ಮಶಾಸ್ತ್ರ ಯಾರಿಗೂ ಹೇಳಲಿಲ್ಲ. ವೇದಿಕೆಯ ಮೇಲೆ ನಿಂತು, ಈಗಲೇ ಕೈಯೆತ್ತಿ, ಇಷ್ಟು ಸಾವಿರ ಕೊಡುತ್ತೇನೆಂದು ದೇವರಿಗೆ ಹರಕೆ ಮಾಡಿ ಎಂದು ಜನರನ್ನು ಒತ್ತಾಯಿಸುವವರು ಈ ವಚನವನ್ನು ಗಟ್ಟಿಯಾಗಿ ಓದಬೇಕು. ಹಾಗೆ ಕೇಳುವ ಅಧಿಕಾರವನ್ನು ಶಾಸ್ತ್ರ ಯಾಜಕರಾಗಿದ್ದ ಆರೋನನ ಮಕ್ಕಳಿಗೂ ಕೊಟ್ಟಿರಲಿಲ್ಲ.

ಯಾಜಕಕಾಂಡ 27 ಮೊದಲ ಓದಿಗೆ ಬೆಲೆಪಟ್ಟಿಯಂತೆ ಕಾಣುತ್ತದೆ. ಒಬ್ಬ ವ್ಯಕ್ತಿಯನ್ನು ದೇವರಿಗೆ ಹರಕೆ ಮಾಡಿದರೆ ಆ ವ್ಯಕ್ತಿಯ ಬದಲಿಗೆ ಬೆಳ್ಳಿ ಕೊಡಬೇಕು. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30. 60 ದಾಟಿದವರಿಗೆ 15 ಮತ್ತು 10. ಒಂದು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ 5 ಮತ್ತು 3. ಶೆಕೆಲ್ ಎಂದರೆ ಸುಮಾರು 11 ಗ್ರಾಂ ತೂಕ. ಹೆಂಗಸಿಗೇಕೆ ಕಡಿಮೆ ಎಂದು ನಮ್ಮ ಕೂಟದ ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಆ ಕಾಲದ ಹೊಲಗದ್ದೆಗಳಲ್ಲಿ ದುಡಿಮೆಗೆ ಕಟ್ಟುತ್ತಿದ್ದ ಬೆಲೆ ಇದು ಎಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಮುದುಕರಿಗೂ ಶಿಶುಗಳಿಗೂ ಬೆಲೆ ಇಳಿದಿರುವುದು ಅದಕ್ಕೆ ಹೊಂದುತ್ತದೆ. ನನ್ನ ಕಣ್ಣು ನಿಲ್ಲುವುದು ಎಂಟನೆಯ ವಚನದ ಮೇಲೆ. ಹರಕೆ ಹೊತ್ತವನು ಬಡವನಾಗಿದ್ದರೆ ಯಾಜಕನು ಅವನ ಶಕ್ತಿಯನ್ನು ನೋಡಿ ಬೆಲೆ ಕಟ್ಟಬೇಕು. ಅಂದರೆ ಮಾತು ಕೊಟ್ಟಾಯಿತು, ಇನ್ನು ಮನೆ ಮಾರಿಯಾದರೂ ಕೊಡು ಎಂದು ದೇವರ ಶಾಸ್ತ್ರ ಹೇಳುವುದಿಲ್ಲ. ಮನುಷ್ಯರನ್ನು ಹರಕೆ ಮಾಡಿದರೂ ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳುವ ದಾರಿಯಿತ್ತು ಎಂಬುದನ್ನೂ ನೆನಪಿನಲ್ಲಿಡಿ. ಯೆಫ್ತಾಹನ ಹತ್ತಿರ ಹೋದಾಗ ಅದು ಬೇಕು.

ಇನ್ನು ಊಟದ ಮಾತು. ಹರಕೆಯ ಯಜ್ಞದ ಮಾಂಸವನ್ನು ಅದೇ ದಿನ, ಉಳಿದರೆ ಮರುದಿನ ತಿಂದು ಮುಗಿಸಬೇಕು. ಮೂರನೆಯ ದಿನಕ್ಕೆ ಇಡುವಂತಿಲ್ಲ. ಒಂದು ಕುರಿಯನ್ನೋ ಹೋರಿಯನ್ನೋ ಎರಡು ದಿನದಲ್ಲಿ ಒಂದೇ ಮನೆಯವರು ತಿನ್ನಲಾರರು. ಧರ್ಮೋಪದೇಶಕಾಂಡ 12 ಯಾರನ್ನು ಕರೆಯಬೇಕೆಂದೂ ಹೇಳುತ್ತದೆ: ಮಗ, ಮಗಳು, ಆಳು, ದಾಸಿ, ಭೂಮಿಯಿಲ್ಲದ ಲೇವಿಯ. 22ನೆಯ ಕೀರ್ತನೆಯಲ್ಲಿ ನನ್ನ ಹರಕೆಗಳನ್ನು ಸಲ್ಲಿಸುವೆನು ಎಂದ ಮರುವಚನದಲ್ಲೇ ಬಡವರು ಉಂಡು ತೃಪ್ತರಾಗುವರು ಎಂದಿದೆ. ಹರಕೆ ತೀರಿಸುವುದು ಎಂದರೆ ಪಂಕ್ತಿ ಹಾಕುವುದು. ಕಷ್ಟದಲ್ಲಿ ಒಬ್ಬರೇ ಗುಟ್ಟಾಗಿ ಆಡಿದ ಮಾತು ಸುಖದಲ್ಲಿ ಎಲ್ಲರ ಮುಂದೆ ಅನ್ನವಾಗಿ ಬರಬೇಕಿತ್ತು.

ಮೂರನೆಯ ಹೆಜ್ಜೆ: ಹರಕೆಗಿಂತ ಮೊದಲು ದೇವರು ಏನು ಮಾಡಿದ್ದ ಎಂದು ಹುಡುಕಿ

ಆದಿಕಾಂಡ 28ರಲ್ಲಿ ಯಾಕೋಬನ ಹರಕೆ 20ನೆಯ ವಚನದಲ್ಲಿದೆ. ದೇವರು ನನ್ನ ಸಂಗಡವಿದ್ದು, ಉಣ್ಣಲು ಅನ್ನ, ಉಡಲು ಬಟ್ಟೆ ಕೊಟ್ಟು, ತಂದೆಯ ಮನೆಗೆ ಸುಖವಾಗಿ ಮುಟ್ಟಿಸಿದರೆ ಎಂದು ಅವನು ಷರತ್ತು ಹಾಕುತ್ತಾನೆ. ಹಿಂದಕ್ಕೆ ಹೋಗಿ 15ನೆಯ ವಚನ ನೋಡಿ. ನಾನು ನಿನ್ನ ಸಂಗಡ ಇರುವೆನು, ನಿನ್ನನ್ನು ಕಾಪಾಡಿ ಈ ದೇಶಕ್ಕೆ ಹಿಂದಿರುಗಿಸುವೆನು ಎಂದು ದೇವರು ಕನಸಿನಲ್ಲಿ ಆಗಲೇ ಹೇಳಿಬಿಟ್ಟಿದ್ದಾನೆ. ಅಣ್ಣನಿಗೆ ಹೆದರಿ ಓಡಿಹೋಗುತ್ತಿದ್ದ ಹುಡುಗ, ಉಚಿತವಾಗಿ ಸಿಕ್ಕಿದ್ದನ್ನು ನಂಬಲಾರದೆ ಅದಕ್ಕೊಂದು ಕರಾರು ಬರೆದ. ದೇವರು ಅವನನ್ನು ಗದರಿಸಲಿಲ್ಲ. ಅವನ ಹರಕೆಯನ್ನು ನೆನಪಿಟ್ಟುಕೊಂಡು, ವರ್ಷಗಳ ನಂತರ ಬೇತೇಲಿಗೆ ಹೋಗು ಎಂದು ತಾನೇ ಕಳುಹಿಸಿದ. ನಮ್ಮ ಎಷ್ಟೋ ಹರಕೆಗಳು ಈ ಜಾತಿಯವು. ಭಯದಿಂದ ಹುಟ್ಟಿದ ಹರಕೆಯನ್ನು ಕಂಡು ಹಂಗಿಸುವ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಬೆಲೆ ತೆತ್ತವರು ಯಾರು ಎಂದು ಕೇಳಿ

ಇಲ್ಲಿ ಸಾವಧಾನವಾಗಿ ಓದಬೇಕು. ನ್ಯಾಯಸ್ಥಾಪಕರು 11ನ್ನು ಪೂರ್ತಿ ಓದಿ, 30ನೆಯ ವಚನದಿಂದ ಶುರು ಮಾಡಬೇಡಿ. ಯೆಫ್ತಾಹ ವೇಶ್ಯೆಯ ಮಗನೆಂದು ಅಣ್ಣತಮ್ಮಂದಿರಿಂದ ಹೊರದೂಡಲ್ಪಟ್ಟವನು. ಯುದ್ಧ ಬಂದಾಗ ಗಿಲ್ಯಾದಿನ ಹಿರಿಯರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಅವನು ಅಮ್ಮೋನಿಯರ ಅರಸನಿಗೆ ದೂತರ ಮೂಲಕ ಇತಿಹಾಸ ಹೇಳಿ ವಾದಿಸುತ್ತಾನೆ. ಜಾಣ, ಮಾತು ಬಲ್ಲವನು. 29ನೆಯ ವಚನದಲ್ಲಿ ಯೆಹೋವನ ಆತ್ಮ ಅವನ ಮೇಲೆ ಬರುತ್ತದೆ. ಹರಕೆ ಬರುವುದು ಆ ಬಳಿಕ. ಗೆಲುವಿಗೆ ಬೇಕಾದುದು ಆಗಲೇ ಸಿಕ್ಕಿತ್ತು. ಆದರೂ ಒಮ್ಮೆ ಮನೆಯಿಂದ ಹೊರದೂಡಿಸಿಕೊಂಡವನಿಗೆ ಸೋಲಿನ ಭಯ ಎಷ್ಟಿತ್ತೋ, ನಾನು ಗೆದ್ದು ಮರಳುವಾಗ ಮನೆಯ ಬಾಗಿಲಿನಿಂದ ನನ್ನನ್ನು ಎದುರುಗೊಳ್ಳಲು ಬರುವುದನ್ನು ಹೋಮವಾಗಿ ಅರ್ಪಿಸುತ್ತೇನೆ ಎಂದುಬಿಟ್ಟ. ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಬಂದವಳು ಒಬ್ಬಳೇ ಮಗಳು. ಅವಳ ಹೆಸರನ್ನೂ ಗ್ರಂಥ ಹೇಳುವುದಿಲ್ಲ. ಎರಡು ತಿಂಗಳು ಗೆಳತಿಯರೊಂದಿಗೆ ಬೆಟ್ಟಗಳಲ್ಲಿ ಅತ್ತು ಬಂದಳು. ಆ ಬಳಿಕ ಅವನು ಹರಕೆಯಂತೆ ಮಾಡಿದನು.

ಅವಳನ್ನು ಕೊಲ್ಲಲಿಲ್ಲ, ಮದುವೆಯಿಲ್ಲದೆ ದೇವರ ಸೇವೆಗೆ ಬಿಟ್ಟ ಎಂದು ಓದಿದವರೂ ಇದ್ದಾರೆ. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ ಹಾಗೆಯೇ ವಿವರಿಸಿದ. ಮೂಲದಲ್ಲಿ ಹೋಮ ಎಂಬ ಮಾತು ಸ್ಪಷ್ಟವಾಗಿರುವಾಗ ನನಗೆ ಆ ಸಮಾಧಾನ ಒಪ್ಪಿಗೆಯಾಗುವುದಿಲ್ಲ. ಹಾಗಾದರೆ ದೇವರು ಇದನ್ನು ಮೆಚ್ಚಿದನೇ? ಅಧ್ಯಾಯದಲ್ಲಿ ಹರಕೆಯ ನಂತರ ದೇವರ ಬಾಯಿಂದ ಒಂದು ಮಾತೂ ಇಲ್ಲ. ಬೆಂಕಿಯಲ್ಲಿ ಮಕ್ಕಳನ್ನು ಅರ್ಪಿಸುವುದು ಯೆಹೋವನಿಗೆ ಹೇಸಿಗೆ ಎಂದು ಧರ್ಮೋಪದೇಶಕಾಂಡ 12:31 ಮುಚ್ಚುಮರೆಯಿಲ್ಲದೆ ಹೇಳಿದೆ. ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳುವ ದಾರಿಯನ್ನು ಯಾಜಕಕಾಂಡ 27ರಲ್ಲಿ ಆಗಲೇ ನೋಡಿದೆವು. ಯೆಹೂದಿ ರಬ್ಬಿಗಳ ಹಳೆಯ ವ್ಯಾಖ್ಯಾನವೊಂದು ಈ ಕಥೆಯನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ: ಮಹಾಯಾಜಕ ಫೀನೆಹಾಸನು ಆ ಹರಕೆಯನ್ನು ಬಿಡಿಸಬಹುದಾಗಿತ್ತು. ಆದರೆ ನಾನು ಮಹಾಯಾಜಕ, ನಾನೇಕೆ ಅವನ ಬಳಿಗೆ ಹೋಗಲಿ ಎಂದು ಅವನು ಕುಳಿತ. ನಾನು ಜನರ ನಾಯಕ, ನಾನೇಕೆ ಹೋಗಲಿ ಎಂದು ಇವನು ಕುಳಿತ. ಇಬ್ಬರ ನಡುವೆ ಹುಡುಗಿ ಹೋದಳು. ಗಂಡಸರ ಪ್ರತಿಷ್ಠೆಗೆ ಹೆಣ್ಣುಮಗು ಬಲಿಯಾಗುವುದನ್ನು ಆ ಹಿರಿಯರು ಆ ಕಾಲಕ್ಕೇ ಕಂಡು ಹೇಳಿದರಲ್ಲ ಎಂದು ನನಗೆ ಗೌರವ ಉಕ್ಕುತ್ತದೆ.

ಇದರ ಪಕ್ಕದಲ್ಲಿ 1 ಸಮುವೇಲ 14 ಇಟ್ಟು ಓದಿ. ಯುದ್ಧದ ದಿನ ಸಂಜೆಗಿಂತ ಮೊದಲು ಉಂಡವನಿಗೆ ಶಾಪ ಎಂದು ಅರಸ ಸೌಲ ಆಣೆಯಿಟ್ಟ. ತಿಳಿಯದೆ ಜೇನು ತಿಂದ ಅವನ ಮಗ ಯೋನಾತಾನ ಸಿಕ್ಕಿಬಿದ್ದ. ಸೌಲ ಕೊಲ್ಲಲು ಸಿದ್ಧನಾದಾಗ ಜನರು ಎದ್ದು ನಿಂತು, ಅವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಬಾರದು ಎಂದರು. ಯೋನಾತಾನ ಉಳಿದ. ಯೆಫ್ತಾಹನ ಮಗಳಿಗಾಗಿ ಹೀಗೆ ಎದ್ದು ನಿಂತವರು ಯಾರೂ ಇರಲಿಲ್ಲ. ಎರಡು ತಿಂಗಳ ಕಾಲಾವಕಾಶವಿತ್ತು, ಊರಿನಲ್ಲಿ ಹಿರಿಯರಿದ್ದರು. ಸಭೆಯವರಾದ ನಾವು ಓದಬೇಕಾದ ಭಾಗ ಇದು.

ಹನ್ನಳಿಗೆ ಬನ್ನಿ. ಶೀಲೋವಿನಲ್ಲಿ ಮಕ್ಕಳಿಲ್ಲದ ದುಃಖಕ್ಕೆ, ಮಗನನ್ನು ಬೇಡಿ, ತುಟಿ ಮಾತ್ರ ಅಲುಗಿಸುತ್ತಾ ಅತ್ತವಳನ್ನು ಯಾಜಕ ಏಲಿ ಕುಡಿದಿದ್ದಾಳೆಂದು ಬೈದ. ಅವಳು ಬೇಡಿದ್ದನ್ನೇ ದೇವರಿಗೆ ಹಿಂದಿರುಗಿಸುತ್ತೇನೆ ಎಂದಳು: ಯಾವುದಕ್ಕಾಗಿ ಹಂಬಲಿಸಿದಳೋ ಅದನ್ನೇ. ಬೆಲೆಯ ಬಹುಪಾಲು ಅವಳದೇ. ಗಂಡ ಎಲ್ಕಾನ ಆತುರ ಮಾಡಲಿಲ್ಲ, ಮಗು ಮೊಲೆ ಬಿಡುವವರೆಗೆ ಇರು ಎಂದ. ಅವಳು ಹೋರಿ, ಹಿಟ್ಟು, ದ್ರಾಕ್ಷಾರಸ ತೆಗೆದುಕೊಂಡು ಹೋದಳು, ವರ್ಷಕ್ಕೊಮ್ಮೆ ಚಿಕ್ಕ ನಿಲುವಂಗಿ ಹೊಲಿದು ಒಯ್ದಳು. ಆದರೂ ಒಂದು ಮಾತು ಉಳಿಯುತ್ತದೆ. ಸಮುವೇಲನನ್ನು ಯಾರೂ ಕೇಳಲಿಲ್ಲ. ಅವನ ಪಾಲಿನ ಬೆಲೆಯನ್ನು ಮರೆಮಾಡಿ ಈ ಕಥೆಯನ್ನು ತಾಯಂದಿರ ದಿನಕ್ಕೆ ಮಾತ್ರ ಬಳಸುವುದು ಸರಿಯೆಂದು ನನಗೆ ತೋರುವುದಿಲ್ಲ.

ನಾಜೀರರ ಹರಕೆ ಇವೆಲ್ಲಕ್ಕಿಂತ ಸರಳ. ಅರಣ್ಯಕಾಂಡ 6ರ ಪ್ರಕಾರ ಗಂಡಸರೂ ಹೆಂಗಸರೂ ಒಂದು ಅವಧಿಗೆ ದ್ರಾಕ್ಷಿಯಿಂದಾದ ಯಾವುದನ್ನೂ ಮುಟ್ಟದೆ, ಕೂದಲು ಕತ್ತರಿಸದೆ, ಹೆಣದ ಬಳಿ ಹೋಗದೆ ಇರಬಹುದಿತ್ತು. ಅವಧಿ ಮುಗಿದಾಗ ತಲೆ ಬೋಳಿಸಿ, ಕೂದಲನ್ನು ಯಜ್ಞದ ಬೆಂಕಿಗೆ ಹಾಕುತ್ತಿದ್ದರು. ಮುಡಿ ಕೊಡುವ ಪದ್ಧತಿ ಕಂಡಿರುವ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ. ಕಷ್ಟವಿದ್ದದ್ದು ಖರ್ಚಿನಲ್ಲಿ: ಒಂದು ಗಂಡು ಕುರಿ, ಒಂದು ಹೆಣ್ಣು ಕುರಿ, ಒಂದು ಟಗರು, ರೊಟ್ಟಿಗಳು. ಅದಕ್ಕಾಗಿಯೇ ಉಳ್ಳವರು ಬಡ ನಾಜೀರರ ಖರ್ಚು ವಹಿಸುವ ರೂಢಿಯಿತ್ತು. ಅಪೊಸ್ತಲರ ಕೃತ್ಯಗಳು 21ರಲ್ಲಿ ನಾಲ್ವರ ಖರ್ಚನ್ನು ಪೌಲನೇ ವಹಿಸುತ್ತಾನೆ. ಯೆಹೂದ್ಯರಲ್ಲದವರಿಗೆ ಧರ್ಮಶಾಸ್ತ್ರದ ಹೊರೆ ಬೇಡವೆಂದು ವಾದಿಸಿದ ಪೌಲ, ತನ್ನ ಜನರ ಹರಕೆಗೆ ಹಣ ಕೊಟ್ಟು ಅವರ ಜೊತೆ ದೇವಾಲಯಕ್ಕೆ ಹೋದ.

ಐದನೆಯ ಹೆಜ್ಜೆ: ಯೇಸುವಿನ ಸಿಟ್ಟು ಯಾವುದರ ಮೇಲೆ?

ಮತ್ತಾಯ 5:33-37ರಲ್ಲಿ ಯೇಸು ಮುಖ್ಯವಾಗಿ ಮಾತನಾಡುವುದು ಆಣೆಯ ಬಗ್ಗೆ: ಆಕಾಶದಾಣೆ, ಭೂಮಿಯಾಣೆ, ತಲೆಯಾಣೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಸಾಕು. ಹರಕೆಯ ಮೇಲೆ ಅವನು ನೇರವಾಗಿ ಸಿಟ್ಟಾಗುವುದು ಮಾರ್ಕ 7ರಲ್ಲಿ. ನನ್ನಿಂದ ನಿಮಗೆ ಸಿಗಬೇಕಾದುದು ಕೊರ್ಬಾನ್, ದೇವರಿಗೆ ಮುಡಿಪು ಎಂದು ಮಗ ತಂದೆತಾಯಿಗಳಿಗೆ ಹೇಳಿದರೆ ಆಯಿತು, ಆ ಮೇಲೆ ಅವರಿಗೆ ಏನನ್ನೂ ಮಾಡುವಂತಿರಲಿಲ್ಲ. ಇದು ಬರಿಯ ಮಾತಲ್ಲ. ಯೆರೂಸಲೇಮಿನ ಹತ್ತಿರ ಸಿಕ್ಕ, ಸತ್ತವರ ಎಲುಬುಗಳನ್ನು ಇಡುತ್ತಿದ್ದ ಪೆಟ್ಟಿಗೆಯೊಂದರ ಮೇಲೆ, ಇದರಲ್ಲಿ ಸಿಕ್ಕಿದ್ದೆಲ್ಲ ದೇವರಿಗೆ ಕೊರ್ಬಾನ್ ಎಂಬರ್ಥದ ಅರಾಮಿಕ್ ಬರಹವಿದೆ. ಹರಕೆ ಹೊತ್ತವನು ಮಗ, ಉಪವಾಸ ಬಿದ್ದವರು ಅಪ್ಪ ಅಮ್ಮ. ಇದರಿಂದ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಎಂದು ಯೇಸು ಹೇಳಿದ. ಅವನು ಕೇಳಿದ್ದೂ ನಾವು ಈವರೆಗೆ ಕೇಳಿಕೊಂಡು ಬಂದ ಪ್ರಶ್ನೆಯನ್ನೇ.

ಅರಣ್ಯಕಾಂಡ 30ರ ಮೇಲೆ ಒಂದು ಮಾತು. ಮಗಳ ಹರಕೆಯನ್ನು ತಂದೆ, ಹೆಂಡತಿಯ ಹರಕೆಯನ್ನು ಗಂಡ ಕೇಳಿದ ದಿನವೇ ರದ್ದು ಮಾಡಬಹುದು ಎಂದು ಅಲ್ಲಿದೆ. ವಿಧವೆಯ ಮತ್ತು ಗಂಡ ಬಿಟ್ಟವಳ ಹರಕೆ ಅವಳದೇ. ಹರಕೆ ತೀರುತ್ತಿದ್ದದ್ದು ಮನೆಯ ಹಿಂಡಿನಿಂದ, ಕಣಜದಿಂದ. ಅದರ ಯಜಮಾನಿಕೆ ಗಂಡಸಿನ ಕೈಯಲ್ಲಿತ್ತು. ಅದು ಆ ಮನೆತನದ ಲೆಕ್ಕ. ಸ್ವಂತ ಸಂಬಳ ತರುವ, ಸ್ವಂತ ಬ್ಯಾಂಕ್ ಖಾತೆಯುಳ್ಳ ಹೆಂಗಸಿಗೆ ಈ ಅಧ್ಯಾಯವನ್ನು ಮುಂದಿಟ್ಟು ಗಂಡನ ಅಪ್ಪಣೆ ಕೇಳು ಎನ್ನುವುದು ತಪ್ಪು. ಕೇಳಿದ ದಿನ ಸುಮ್ಮನಿದ್ದು ಆಮೇಲೆ ರದ್ದು ಮಾಡಿದ ಗಂಡ ಅವಳ ಪಾಪವನ್ನು ಹೊರಬೇಕು ಎಂದೂ ಅಲ್ಲೇ ಇದೆ. ಅದನ್ನು ಉಪದೇಶದಲ್ಲಿ ಕೇಳಿದ ನೆನಪು ನನಗಿಲ್ಲ.

ಕೊನೆಯ ಹೆಜ್ಜೆ: ನಿಮ್ಮದೇ ಹರಕೆ

ಓದು ಇಲ್ಲಿಗೆ ಬಂದೇ ಬರುತ್ತದೆ. ಒಮ್ಮೆ ಅಧ್ಯಯನ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದು, "ಅಕ್ಕ, ನಾನು ಹುಟ್ಟುವಾಗ ಅಮ್ಮ ನನ್ನನ್ನು ಸೇವೆಗೆ ಕೊಡುತ್ತೇನೆಂದು ಹರಕೆ ಹೊತ್ತಿದ್ದರಂತೆ. ನನಗೆ ನರ್ಸಿಂಗ್ ಓದಬೇಕು. ನಾನು ಮಾತು ತಪ್ಪಿದಂತೆಯೇ?" ಎಂದು ಕೇಳಿದಳು. "ಇಲ್ಲಮ್ಮ, ಆ ಮಾತು ಕೊಟ್ಟವಳು ನೀನಲ್ಲ" ಎಂದೆ. ನಾನು ಪ್ರಾಟೆಸ್ಟೆಂಟ್ ಆದರೂ ಈ ವಿಷಯದಲ್ಲಿ ಕಥೋಲಿಕ ಸಭೆಯ 1983ರ ಧರ್ಮನಿಯಮ ಸಂಹಿತೆಯನ್ನು ಕೃತಜ್ಞತೆಯಿಂದ ಓದುತ್ತೇನೆ. ಹರಕೆಯು ಅದನ್ನು ಮಾಡಿದವರನ್ನು ಮಾತ್ರ ಕಟ್ಟುತ್ತದೆ ಎಂದು ಅದರ 1193ನೆಯ ನಿಯಮ ಹೇಳುತ್ತದೆ. ಅನ್ಯಾಯದ ಘೋರ ಭಯದಿಂದಲೋ ಮೋಸದಿಂದಲೋ ಮಾಡಿಸಿದ ಹರಕೆಗೆ ಬೆಲೆಯಿಲ್ಲ (1191). ಕೊಡುತ್ತೇನೆಂದ ವಿಷಯವೇ ಮೂಲದಲ್ಲಿ ಬದಲಾದರೆ, ಹಾಕಿದ ಷರತ್ತು ನೆರವೇರದಿದ್ದರೆ ಹರಕೆ ನಿಲ್ಲುತ್ತದೆ (1194). ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೂ ಇದೆ (1196); ಹೊತ್ತವರೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಬದಲಾಯಿಸಿಕೊಳ್ಳಲೂಬಹುದು (1197). ಕಥೋಲಿಕರಾಗಿದ್ದರೆ ಫಾದರ್ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ.

ನಮ್ಮ ಕಡೆ, ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್‌ನ ಉದಾಹರಣೆಯಿದೆ. 1505ರ ಜುಲೈನಲ್ಲಿ ಜರ್ಮನಿಯ ಸ್ಟಾಟರ್ನ್‌ಹೈಮ್ ಬಳಿ ಸಿಡಿಲಿಗೆ ಹೆದರಿ, ಸಂತ ಅನ್ನಮ್ಮನನ್ನು ಕರೆದು, ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ. ಅದೇ ತಿಂಗಳು ಎರ್ಫರ್ಟ್‌ನ ಮಠ ಸೇರಿದ. 1521ರಲ್ಲಿ ಮಠದ ಹರಕೆಗಳ ಬಗ್ಗೆ ಬರೆದ ಗ್ರಂಥವನ್ನು, ಆ ಹರಕೆಯಿಂದ ನೊಂದಿದ್ದ ತನ್ನ ತಂದೆಗೇ ಅರ್ಪಿಸಿದ. ಭಯದಲ್ಲಿ ಆಡಿದ ಮಾತಿನಿಂದ ದೇವರ ಕೃಪೆಯನ್ನು ಕೊಳ್ಳಲಾಗದು ಎಂಬುದು ಅವನ ವಾದ. ಪ್ರಾಟೆಸ್ಟೆಂಟರಾದರೆ ಸಭಾಪಾಲಕರಾದ ಅಯ್ಯನವರ ಜೊತೆ, ಇಲ್ಲವೇ ನೀವು ನಂಬುವ ಒಬ್ಬ ಹಿರಿಯರ ಜೊತೆ ಕುಳಿತು ಮಾತನಾಡಿ. ಒಬ್ಬರೇ ಹೊತ್ತುಕೊಂಡು ತಿರುಗಬೇಡಿ; ಫೀನೆಹಾಸ ಬರದಿದ್ದರೆ ನೀವೇ ಅವನ ಬಳಿಗೆ ಹೋಗಿ.

ಆಸ್ಪತ್ರೆಯ ಐಸಿಯು ಹೊರಗೆ ಹೊತ್ತ ಹರಕೆಯಾದರೆ ಅದನ್ನು ಒಂದು ಕಾಗದದ ಮೇಲೆ ಬರೆಯಿರಿ. ಏನು ಬೇಡಿದಿರಿ, ಏನು ಕೊಡುತ್ತೇನೆಂದಿರಿ, ಖರ್ಚು ಯಾರ ಜೇಬಿನಿಂದ, ಕಷ್ಟ ಯಾರ ಮೈಗೆ. ನಿಮ್ಮದೇ ಶಕ್ತಿಯೊಳಗೆ, ನಿಮ್ಮದೇ ಬೆಲೆಯಲ್ಲಿ ತೀರುವಂತಿದ್ದರೆ ತಡಮಾಡದೆ ತೀರಿಸಿ. ಪ್ರಸಂಗಿಯ ಮಾತಿಗೆ ಅಲ್ಲಿ ಪೂರ್ತಿ ಬಲವಿದೆ. ಸಾಲ ಮಾಡಬೇಕಾದರೆ, ಮಕ್ಕಳ ಶುಲ್ಕವನ್ನೋ ಅತ್ತೆ ಮಾವಂದಿರ ಔಷಧದ ಹಣವನ್ನೋ ತೆಗೆಯಬೇಕಾದರೆ ನಿಲ್ಲಿಸಿ. ಯಾಜಕಕಾಂಡ 27:8 ನಿಮಗಾಗಿಯೇ ಬರೆದದ್ದು: ನಿಮ್ಮ ಶಕ್ತಿ ಎಷ್ಟು ಎಂದು ಸಭೆಯ ಹಿರಿಯರೊಂದಿಗೆ ಕುಳಿತು ಗೊತ್ತುಮಾಡಿ, ಅಷ್ಟನ್ನೇ ಕೊಡಿ. ಕಾಯಿಲೆ ವಾಸಿಯಾಗದೆ ಹೋಗಿದ್ದರೆ ಷರತ್ತು ನೆರವೇರಲಿಲ್ಲ, ಸಾಲವೂ ಉಳಿದಿಲ್ಲ. ಹರಕೆ ಸರಿಯಾಗಿ ಹೊರದಿದ್ದಕ್ಕೆ ಅಪ್ಪ ತೀರಿಕೊಂಡರು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತೀರಿಸುವ ದಿನ 116ನೆಯ ಕೀರ್ತನೆಯನ್ನು ಎಲ್ಲರೆದುರು ಓದಿ, ಆದರೆ ಕಾಣಿಕೆ ಡಬ್ಬಿಗೆ ಹಣ ಹಾಕಿ ಮನೆಗೆ ಬಂದುಬಿಡಬೇಡಿ. ಹಣದಲ್ಲಿ ಒಂದು ಭಾಗವನ್ನಾದರೂ ಅಡುಗೆಗೆ ಎತ್ತಿಡಿ. ಐಸಿಯು ಹೊರಗೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ರಾತ್ರಿ ಕಳೆದವರು, ಮನೆಗೆಲಸಕ್ಕೆ ಬರುವಾಕೆ, ಬೀದಿ ಗುಡಿಸುವವರು, ಬೇರೆ ಧರ್ಮದ ನೆರೆಯವರು: ಇವರನ್ನು ಮೊದಲ ಪಂಕ್ತಿಗೆ ಕರೆಯಿರಿ. ಎರಡು ದಿನದಲ್ಲಿ ಮುಗಿಯುವಷ್ಟು ಮಾಡಿ, ಮುಗಿಸಿ.